ವೆಬ್‌ಸೈಟ್ ಮಾರುವ ಮುಂಚೆ ಒಳಗಿನ ಕೋಡ್ ನೋಡಿ

ಕೋಡ್ ನೀಟಾಗಿದ್ದರೆ ವೆಬ್‌ಸೈಟಿಗೆ ಜಾಸ್ತಿ ಬೆಲೆ ಸಿಗುತ್ತದಾ? ಹಾಗೇನೂ ಇಲ್ಲ. ಕೆಟ್ಟಿದ್ದರೆ ಮಾತ್ರ ಬೆಲೆ ಇಳಿಯುತ್ತದೆ. ಹಳೇ ಮನೆ ಮಾರುವಾಗ ವೈರಿಂಗ್ ಚೆನ್ನಾಗಿದೆ ಅಂತ ಯಾರೂ ಮೇಲೆ ಕೊಡುವುದಿಲ್ಲ. ಸೂರು ಸೋರುತ್ತಿದ್ದರೆ ಚೌಕಾಸಿ ಅಲ್ಲಿಂದಲೇ ಶುರು, ಅಲ್ವಾ?

ಮೊದಲು ಬೆಲೆಯ ಲೆಕ್ಕ ತಿಳಿಯಿರಿ. ವೆಬ್‌ಸೈಟ್ ಕೊಳ್ಳುವ, ಮಾರುವ ಫ್ಲಿಪ್ಪಾದಂಥ ಆನ್‌ಲೈನ್ ಮಾರುಕಟ್ಟೆಗಳಲ್ಲಿ ತಿಂಗಳ ಲಾಭದ ಇಷ್ಟು ಪಟ್ಟು ಅಂತ ಬೆಲೆ ಕಟ್ಟುವುದು ವಾಡಿಕೆ. ತಿಂಗಳಿಗೆ 20,000 ರೂಪಾಯಿ ಉಳಿಯುತ್ತದೆ, 30 ಪಟ್ಟು ಒಪ್ಪಿಕೊಂಡರು ಅಂದುಕೊಳ್ಳಿ: 6 ಲಕ್ಷ. ಕೊಳ್ಳುವವರ ಡೆವಲಪರ್ ಒಳಗೆ ಇಣುಕಿ ‘ರಿಪೇರಿಗೇ ಒಂದೂವರೆ ಲಕ್ಷ ಬೇಕು’ ಅಂದರೆ ಅದು ನಿಮ್ಮ 6 ಲಕ್ಷದಿಂದಲೇ ಹೋಗುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಪೂರ್ತಿ ಬ್ಯಾಕಪ್ ತೆಗೆದಿಟ್ಟು, ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ (ಸೈಟ್ ಇಟ್ಟಿರುವ ಸರ್ವರ್‌ನ ನಿಯಂತ್ರಣ ಪುಟ) ಪಿಎಚ್‌ಪಿ ಆವೃತ್ತಿ ನೋಡಿ. ಪಿಎಚ್‌ಪಿ ಅಂದರೆ ಎಷ್ಟೋ ಸೈಟ್‌ಗಳು ಓಡುವ ಪ್ರೋಗ್ರಾಮಿಂಗ್ ಭಾಷೆ. 7.4ಕ್ಕೆ ಭದ್ರತಾ ಅಪ್‌ಡೇಟ್ ನಿಂತಿದ್ದು 2022ರ ನವೆಂಬರ್‌ನಲ್ಲಿ. ಸೈಟ್ ಇನ್ನೂ ಅದರ ಮೇಲೇ ಓಡುತ್ತಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ. ಸೈಟಿನ ಒಂದು ನಕಲು ಮಾಡಿ, ಹೊಸ ಆವೃತ್ತಿಯನ್ನು ಅದರ ಮೇಲೆ ಮೊದಲು ಪರೀಕ್ಷಿಸಿ.

ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಸೈಟಾದರೆ ಥೀಮ್ (ಸೈಟಿನ ವಿನ್ಯಾಸ), ಪ್ಲಗಿನ್ (ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕು)ಗಳನ್ನು ಒಂದೊಂದಾಗಿ ನೋಡಿ. ಬಳಸದ್ದನ್ನು ಕಿತ್ತುಹಾಕಿ. ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿಕೊಂಡ ‘ಪ್ರೀಮಿಯಂ’ ಥೀಮ್ ಇದ್ದರೆ ಇವತ್ತೇ ಬದಲಿಸಿ. ಅಂಥವುಗಳಲ್ಲಿ ಕಳ್ಳ ಕೋಡ್ ಸೇರಿರುವುದು ಮಾಮೂಲು. ಸಿಕ್ಕಿಬಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯುತ್ತದೆ.

ಹಳೆಯ ಕನ್ನಡ ಸೈಟ್ ಇಟ್ಟುಕೊಂಡವರಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಹಾಕಿದ ಪುಟಗಳು ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಆ ಗೋಜಲೇ ಕಾಣುತ್ತದೆ. ಗೂಗಲ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೂ ಪುಟ ಸಿಗುವುದಿಲ್ಲ. ಹತ್ತು ವರ್ಷ ಬರೆದ ಲೇಖನಗಳಿದ್ದರೂ ಕೊಳ್ಳುವವನ ಲೆಕ್ಕದಲ್ಲಿ ಅವು ಸೊನ್ನೆ! ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತಕ್ಕೆ ತನ್ನಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡಬಹುದು, ಕೂತು ತಿದ್ದಬೇಕು. ಬೇಜಾರಿನ ಕೆಲಸವೇ, ಆದರೆ ನನ್ನ ಪ್ರಕಾರ ಬೇರೆ ಯಾವ ರಿಪೇರಿಗಿಂತಲೂ ಇದಕ್ಕೆ ಬೆಲೆ ಹೆಚ್ಚು.

ಆಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವೇಗ ಪರೀಕ್ಷಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಎಷ್ಟೋ ಸಲ ಭಾರವಾದ ಫೋಟೋಗಳನ್ನು ಕುಗ್ಗಿಸಿದರೇ ಅರ್ಧ ಕೆಲಸ ಆಗುತ್ತದೆ.

ಪುಟದ ಕೋಡ್‌ನಲ್ಲಿ ನಿಯಮ ತಪ್ಪಿದ್ದನ್ನು ಹುಡುಕುವ ಡಬ್ಲ್ಯು3ಸಿ ವ್ಯಾಲಿಡೇಟರ್ ಮೂವತ್ತು ತಪ್ಪು ತೋರಿಸಿತು ಅಂತ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಮುಚ್ಚದ ಟ್ಯಾಗ್‌ನಿಂದ (ಪುಟದ ಭಾಗಗಳನ್ನು ಗುರುತಿಸುವ ಸಂಕೇತ) ಪುಟವೇ ಒಡೆದಿದ್ದರೆ ಸರಿಮಾಡಿ. ಉಳಿದದ್ದಕ್ಕೆ ಕೊಳ್ಳುವವರು ತಲೆಕೆಡಿಸಿಕೊಳ್ಳುವುದು ಅಪರೂಪ.

ಕೊನೆಗೆ ಒಂದೆರಡು ಪುಟದ ಟಿಪ್ಪಣಿ ಬರೆಯಿರಿ: ಡೇಟಾಬೇಸ್ ಎಲ್ಲಿದೆ, ಯಾವ ಪ್ಲಗಿನ್ ಯಾಕೆ, ಯಾವ ಫೈಲ್ ನೀವೇ ತಿದ್ದಿದ್ದು. ಕೋಡ್ ಒಳಗೆ ಪಾಸ್‌ವರ್ಡ್ ಬರೆದಿಟ್ಟಿದ್ದರೆ ತೆಗೆಯಿರಿ. ನಂತರ ಆ ಟಿಪ್ಪಣಿಯನ್ನೂ ಬ್ಯಾಕಪ್ಪನ್ನೂ ಕೋಡ್ ಗೊತ್ತಿರುವ ಸ್ನೇಹಿತರೊಬ್ಬರಿಗೆ ಕೊಟ್ಟು, ಹೊಸ ಹೋಸ್ಟಿಂಗ್‌ನಲ್ಲಿ ಸೈಟ್ ಎಬ್ಬಿಸಲು ಹೇಳಿ. ಅವರು ಎಷ್ಟು ಸಲ ನಿಮಗೆ ಫೋನ್ ಮಾಡಿದರು ಎಣಿಸಿಕೊಳ್ಳಿ.