ಮೇಳ ಬಿಟ್ಟು ಇಸ್ಪೀಟು ಹಿಡಿದೆ

ವೈಟ್‌ಫೀಲ್ಡ್ ಕಡೆಯ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಏಳು, ಎಂಟನೇ ತರಗತಿಗೆ ಪಾಠ ಮಾಡ್ತೀನಿ. ಕೊರಿಯಾ, ಜಪಾನ್, ಜರ್ಮನಿಯ ಮಕ್ಕಳಿದ್ದಾರೆ, ಅಮೆರಿಕದಿಂದ ವಾಪಸ್ ಬಂದ ನಮ್ಮವರ ಮಕ್ಕಳಿದ್ದಾರೆ, ಉಳಿದವರು ಇಲ್ಲಿಯವರೇ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಪಠ್ಯಕ್ರಮದ ಶಾಲೆಯವರಿಗೆ 'ಲರ್ನರ್ ಪ್ರೊಫೈಲ್', ಅಂದರೆ ಮಕ್ಕಳಲ್ಲಿ ಬೆಳೆಯಬೇಕಾದ ಗುಣಗಳ ಪಟ್ಟಿಯ ಪೋಸ್ಟರ್ ಗೊತ್ತೇ ಇದೆ. ಗೋಡೆ ಮೇಲೆ 'ಓಪನ್ ಮೈಂಡೆಡ್' ಅಂತಿರುತ್ತೆ. ಅದರ ಕೆಳಗೇ ಊಟದ ಹೊತ್ತಿಗೆ ಕೊರಿಯಾದವರದು ಒಂದು ಮೇಜು, ನಮ್ಮವರದು ಇನ್ನೊಂದು.

ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಅಂತ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಇಂಟರ್‌ನ್ಯಾಷನಲ್ ಡೇಗೆ ಶಾಮಿಯಾನ, ಸೌಂಡು, ಬಾಡಿಗೆ ವೇಷ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಯ್ತು. ಕಿಂಬಾಪ್ ತಿಂದರು, ಡೊಳ್ಳು ಬಾರಿಸಿದರು, ಸೋಮವಾರ ಮತ್ತೆ ಅವರವರ ಮೇಜು. "ಫೋಟೋ ಚೆನ್ನಾಗಿ ಬಂತಲ್ಲ ಮೇಡಂ" ಅಂದರು ಕೋಆರ್ಡಿನೇಟರ್. ಆಮೇಲೆ ಹೊರಗಿನ ಟ್ರೈನರ್, ದಿನಕ್ಕೆ ನಲವತ್ತು ಸಾವಿರವೋ ಏನೋ. ಜಪಾನಿನವರು ಮೌನಿಗಳು, ಜರ್ಮನಿಯವರು ನೇರ ಮಾತಿನವರು ಅಂತ ಸ್ಲೈಡ್ ತೋರಿಸಿ ಹೋದರು. ಮರುದಿನದಿಂದ ಒಬ್ಬ ಹುಡುಗ ಯಾರನ್ನಾದರೂ ಬೈದು, "ನಾನು ಜರ್ಮನ್, ನಾವು ಹೀಗೇ ಮಾತಾಡೋದು" ಅನ್ನೋಕೆ ಶುರು ಮಾಡಿದ!

ಆಗ ಹಿಡಿದದ್ದು ಬಾರ್ಂಗಾ ಅನ್ನೋ ಇಸ್ಪೀಟಾಟ. ತಮಿಳುನಾಡು ಮೂಲದ ಶಿವಶೈಲಂ ತ್ಯಾಗರಾಜನ್ 1980ರಲ್ಲಿ ಲೈಬೀರಿಯಾದಲ್ಲಿದ್ದಾಗ ಹುಟ್ಟಿಸಿದ್ದು. ಒಂದು ಮೇಜಿನಲ್ಲಿ ಎಕ್ಕ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು. ಒಂದು ಕಡೆ ತುರುಪು ಉಂಟು, ಇನ್ನೊಂದು ಕಡೆ ಇಲ್ಲ. ನಿಯಮ ಬೇರೆ ಬೇರೆ ಅಂತ ಮಕ್ಕಳಿಗೆ ಗೊತ್ತಿರಲ್ಲ, ಮಾತಾಡುವ ಹಾಗಿಲ್ಲ, ಗೆದ್ದವರೂ ಸೋತವರೂ ಮೇಜು ಬದಲಿಸ್ತಾರೆ. ಹತ್ತು ಕಟ್ಟು ಇಸ್ಪೀಟಿಗೆ ಐನೂರು ರೂಪಾಯಿ ಆಗಿರಬೇಕು. "ಅಷ್ಟು ಫೀಸು ಕಟ್ಟಿಸಿಕೊಂಡು ಇಸ್ಪೀಟು ಕಲಿಸ್ತೀರಾ?" ಅಂತ ಪೋಷಕರ ಮೇಲ್ ಬಂತು. ಸ್ಟಾಫ್‌ರೂಮಿನಲ್ಲೂ ನಕ್ಕರು.

ಆಡಿಸುವುದು ಸುಲಭ. ನನಗೆ ಒಂದು ಟರ್ಮ್ ಪೂರ್ತಿ ಕೈಕೊಟ್ಟಿದ್ದು ಆಟದ ನಂತರದ ಮಾತು. "ಹೇಗನ್ನಿಸಿತು?" ಅಂದರೆ ಎಲ್ಲರದೂ "ಗುಡ್". ಆ ಪ್ರಶ್ನೆ ಕಿತ್ತುಹಾಕಿದೆ. ಈಗ ಒಂದೇ ಕೆಲಸ: ಎದುರಿಗಿದ್ದವನು ಯಾಕೆ ಹಾಗೆ ಆಡಿದ ಅಂತ ನೀನು ಹೇಳು, ಅವನು "ಹೌದು, ಅದೇ" ಅನ್ನುವವರೆಗೂ ಹೇಳು. ಎಲೆ ಕಸಿದುಕೊಂಡ ನಮ್ಮ ಹುಡುಗ, ಪ್ರತಿ ಸಲ ಬಿಟ್ಟುಕೊಟ್ಟ ಕೊರಿಯಾದ ಹುಡುಗಿಗೆ ಆಟ ಬರಲ್ಲ ಅಂದುಕೊಂಡಿದ್ದ. ಅವಳ ಪ್ರಕಾರ ಇವನು ಶುದ್ಧ ಮೋಸಗಾರ. ಅವಳ "ಹೌದು" ಸಿಗೋಕೆ ಅವನಿಗೆ ಅರ್ಧ ಪೀರಿಯಡ್ ಬೇಕಾಯ್ತು. ಇದೇ ನಿಯಮವನ್ನು ಗ್ರೂಪ್ ಪ್ರಾಜೆಕ್ಟ್ ಜಗಳಗಳಿಗೂ ತಂದೆ. ವಾರಕ್ಕೆ ಹತ್ತು ದೂರು ಬರ್ತಿದ್ದವು, ಈಗ ಎರಡೋ ಮೂರೋ.

ಎಲ್ಲ ಸೆಕ್ಷನ್‌ಗೂ ಒಂದೇ ದಿನ ಆಡಿಸಿ, ಇಲ್ಲದಿದ್ದರೆ ಗುಟ್ಟು ಬಸ್ಸಿನಲ್ಲೇ ರಟ್ಟಾಗುತ್ತೆ. ಯಾರನ್ನು ಯಾವ ಮೇಜಿನಿಂದ ಶುರು ಮಾಡಿಸ್ತೀನಿ ಅನ್ನೋದನ್ನು ಮಾತ್ರ ಹೇಳಲ್ಲ, ಅರ್ಧ ಕೆಲಸ ಅಲ್ಲೇ ಆಗೋದು.

ನಡುವೆ ಇನ್ನೊಂದು ಮಾಡಿ ನೋಡಿದೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಏಳರವರೆಗೆ ಎಣಿಸದೆ ಯಾರ ಹೆಸರನ್ನೂ ಕರೆಯಲ್ಲ. ನಮ್ಮ ಮಕ್ಕಳು ಬೆಂಚಿನ ಮೇಲೆ ಕುಣಿದರು. ಆದರೆ ಜೂನ್‌ನಿಂದ ತುಟಿ ಬಿಚ್ಚದ ಜಪಾನಿನ ಹುಡುಗ ಮಾತಾಡಿದ.

ಊಟದ ಮೇಜುಗಳು ಇನ್ನೂ ಬೆರೆತಿಲ್ಲ. ಬೆಳಗ್ಗೆಯಿಂದ ಇಂಗ್ಲಿಷಿನಲ್ಲಿ ಏಗಿದ ಮಗು ಅರ್ಧ ಗಂಟೆ ತನ್ನ ಭಾಷೆಯಲ್ಲಿ ಹರಟಲಿ ಬಿಡಿ, ಅದನ್ನು ಸರಿಮಾಡೋಕೆ ನಾನು ಹೋಗಲ್ಲ. ನಕ್ಕಿದ್ದ ಸ್ಟಾಫ್‌ರೂಮಿನವರೇ ಈಗ ತಮಗೂ ಆಡಿಸಿ ಅಂದರು. ಮಾತಾಡಬಾರದು ಅಂದರೆ ಐದು ನಿಮಿಷ ತಡೆಯಲಿಲ್ಲ. ಮುಂದಿನ ವರ್ಷ ಆರನೇ ತರಗತಿಗೂ ಅಂತ ಮೂರು ಸಾವಿರ ಕೇಳಿದ್ದೀನಿ, ಫೈಲ್ ಇನ್ನೂ ಅಕೌಂಟ್ಸ್‌ನಲ್ಲಿದೆ.