ಪುರಸಭೆ ಅಧ್ಯಕ್ಷೆಯಾಗಿ ನಾನು ನಡೆಸಿದ ಸಮಾರಂಭಗಳು

ಪುರಸಭೆಯಲ್ಲಿ ಕಡತ ನಡೆಸುವವರು, ಟೆಂಡರ್ ಕರೆಯುವವರು ಮುಖ್ಯಾಧಿಕಾರಿ. ಅಧ್ಯಕ್ಷೆಯಾಗಿದ್ದ ನಾನು ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುತ್ತಿದ್ದೆ. ಉಳಿದಂತೆ ದೀಪ ಬೆಳಗಿಸುವುದು, ಧ್ವಜ ಹಾರಿಸುವುದು, ಸನ್ಮಾನ ಮಾಡುವುದು. ಬರೀ ಹಾರ ತುರಾಯಿಯ ಕೆಲಸವೆಂದು ಕೆಲವರು ಹಗುರವಾಗಿ ಆಡುತ್ತಿದ್ದರು. ನಾನು ಅದನ್ನು ಎಂದೂ ಒಪ್ಪಲಿಲ್ಲ. ಊರು ಯಾರಿಗೆ ಮರ್ಯಾದೆ ಕೊಡುತ್ತದೆ ಎಂಬುದು ಎಲ್ಲರ ಕಣ್ಣೆದುರು ತೀರ್ಮಾನವಾಗುವುದು ಸಮಾರಂಭದಲ್ಲಿಯೇ.

ಧ್ವಜದ ವಿಷಯದಲ್ಲಿ ನಿಯಮವೇ ದಾರಿ ತೋರಿಸುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟವನ್ನೇ ತರಿಸುತ್ತಿದ್ದೆ. ಹಿಂದಿನ ಸಂಜೆಯೇ ಹಗ್ಗ, ರಾಟೆ, ಗಂಟುಗಳನ್ನು ನಾನೇ ನಿಂತು ನೋಡುತ್ತಿದ್ದೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ. ರೂಢಿಯಂತೆ ಗಣ್ಯರೆಲ್ಲ ವೇದಿಕೆಯ ಮೇಲೆ, ಯಾರ ಹೆಸರಿನ ದಿನವೋ ಅವರು ಕೆಳಗೆ. ಭಾಷಣಗಳು ಮುಗಿದ ಮೇಲೆ ಅವರನ್ನು ಸಾಲಾಗಿ ಹತ್ತಿಸಿ, ಶಾಲು ಹೊದಿಸಿ, ಫೋಟೊ ತೆಗೆದು ಇಳಿಸುವುದು. ಇದನ್ನು ಬದಲಿಸಲೇಬೇಕೆಂದು ಹಟ ಹಿಡಿದೆ. ಆಮಂತ್ರಣ ಪತ್ರಿಕೆಯಲ್ಲಿ ಶಾಸಕರು, ಸಂಸದರ ಹೆಸರುಗಳ ಕ್ರಮಕ್ಕೆ ಶಿಷ್ಟಾಚಾರವಿದೆ, ಅದನ್ನು ಮುಟ್ಟಲಿಲ್ಲ. ಶಾಸಕರನ್ನು ಮೊದಲೇ ಕಂಡು ಮಾತನಾಡಿದೆ. ಮುಂದಿನ ಸಾಲಿನಲ್ಲಿ ಕಾರ್ಮಿಕರ ಕುಟುಂಬದವರ ಜೊತೆ ಕೂರಲು ಅವರು ಸಂತೋಷದಿಂದ ಒಪ್ಪಿದರು. ವೇದಿಕೆಯ ಕುರ್ಚಿಗಳು ಕಾರ್ಮಿಕರಿಗೆ ಸಿಕ್ಕವು.

ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನೇ ಓದಿಸಿದರೆ ಸಾಲದು. ಅಲ್ಲಿ ಎಷ್ಟೋ ಹೆಸರುಗಳು ಅರ್ಧಂಬರ್ಧ ಇದ್ದವು. ಬೆಳಗಿನ ಹಾಜರಿ ಹೊತ್ತಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡೆ. "ನನ್ನ ಹೆಸರಿನ ಜೊತೆ ನಾನು ಗುಡಿಸುವ ಬೀದಿಯ ಹೆಸರನ್ನೂ ಹೇಳಿಸಿ ಮೇಡಂ" ಎಂದು ಒಬ್ಬ ತಾಯಿ ಕೇಳಿದರು. ಎಲ್ಲರದ್ದೂ ಹಾಗೆಯೇ ಓದಿಸಿದೆವು. ಹೊರಗುತ್ತಿಗೆಯ ಆಟೋ ಟಿಪ್ಪರ್ ಚಾಲಕರು, ಲೋಡರ್‌ಗಳು ಸನ್ಮಾನದ ಪಟ್ಟಿಯಲ್ಲೇ ಇರಲಿಲ್ಲ, ಅವರನ್ನೂ ಸೇರಿಸಿದೆ. ಕಸ ಎತ್ತುವ ಕೈಗಳಲ್ಲಿ ಕಾಯಂ, ಗುತ್ತಿಗೆ ಎಂದು ಭೇದವೆಣಿಸುವುದು ಅನ್ಯಾಯ. ಸ್ವಾಗತ ಭಾಷಣಕ್ಕೂ ಮೊದಲು ಬಿಸಿ ಉಪಾಹಾರ ಬಡಿಸಿದೆವು, ಏಕೆಂದರೆ ಅವರು ನಸುಕಿನಿಂದ ದುಡಿದು ಬಂದಿದ್ದರು. ನನ್ನದೂ ಸೇರಿ ಎಲ್ಲರ ಭಾಷಣಗಳನ್ನು ಮೊಟಕುಗೊಳಿಸಿ, ಮೈಕನ್ನು ಅವರ ಕೈಗೆ ಕೊಟ್ಟೆವು.

ಕೈಗವಸು ಹರಿದಿವೆ, ಗಮ್‌ಬೂಟು ಅಳತೆಗೆ ಸರಿಯಿಲ್ಲ ಎಂದು ಅವರು ಅಲ್ಲಿಯೇ ಹೇಳಿದರು. ಇಡೀ ಊರು ಕೇಳಿಸಿಕೊಂಡ ಮಾತು ಅದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅದನ್ನೇ ಮೊದಲ ವಿಷಯವಾಗಿ ಇಟ್ಟೆ. ಒಬ್ಬ ಸದಸ್ಯರೂ ವಿರೋಧಿಸಲಿಲ್ಲ.