ನೈವಾಶಾದ ಗುಲಾಬಿ, ಬೆಟ್ಟದ ಆಲೂಗಡ್ಡೆ

ಲಾಭದಲ್ಲಿ ಇಷ್ಟು ಪಾಲನ್ನು ಸಮಾಜಕ್ಕೆ ಕೊಡಲೇಬೇಕೆಂದು ಭಾರತದ 2013ರ ಕಂಪನಿ ಕಾಯ್ದೆ ಹೇಳುತ್ತದೆ: ದೊಡ್ಡ ಕಂಪನಿಗಳಿಗೆ ಶೇ 2. ಮಾರಿಷಸ್ ಅದಕ್ಕೂ ಮೊದಲು, 2009ರಲ್ಲೇ, ಇಂಥದೇ ನಿಯಮ ಮಾಡಿತ್ತು. ಕೆನ್ಯಾದಲ್ಲಿ ಹಾಗೊಂದು ಕಡ್ಡಾಯವಿಲ್ಲ. ದೊಡ್ಡಬಳ್ಳಾಪುರದ ಹಸಿರುಮನೆಗಳಲ್ಲಿ ಗುಲಾಬಿ ಬೆಳೆಸುವುದನ್ನು ಕಲಿತು ಕೆನ್ಯಾದ ನೈವಾಶಾದಲ್ಲಿರುವ ಹೂದೋಟಕ್ಕೆ ಹೋದ ನನಗೆ, ಕೆಲವು ವರ್ಷಗಳ ನಂತರ ‘ಸಮುದಾಯದ ಕೆಲಸ’ವನ್ನೂ ವಹಿಸಿದರು. ಯಾರಿಗೆ ಏನು ಕೊಡಬೇಕೆಂಬುದು ಅಲ್ಲಿ ವ್ಯವಸ್ಥಾಪಕರ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಹಾಗಾಗಿ ಮೇಜಿನ ಮೇಲೆ ಶಾಲೆಗೆ ಬಣ್ಣ, ಫುಟ್‌ಬಾಲ್ ತಂಡಕ್ಕೆ ಜೆರ್ಸಿ, ಕಂಪನಿಯ ಹೆಸರು ಬರೆದ ನೀರಿನ ಟ್ಯಾಂಕು ಕೇಳುವ ಅರ್ಜಿಗಳ ರಾಶಿಯೇ ಇತ್ತು.

ಅರ್ಜಿಗಳನ್ನು ಬದಿಗಿಟ್ಟು ತೋಟದ ಲೆಕ್ಕಪತ್ರ ಹಿಡಿದು ಕುಳಿತೆ. ಯಾವುದು ಇಲ್ಲವಾದರೆ ಈ ತೋಟ ಮುಚ್ಚುತ್ತದೆ? ಉತ್ತರ ಕಿಟಕಿಯಾಚೆಗೇ ಇತ್ತು. ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದಲ್ಲಿರುವ ನೈವಾಶಾ ಸಿಹಿನೀರಿನ ಸರೋವರ. 2009ರ ಬರದಲ್ಲಿ ಅದು ಎಷ್ಟು ಹಿಂದೆ ಸರಿದಿತ್ತೆಂಬುದನ್ನು ಹಳೆಯ ಪಂಪ್ ಚಾಲಕರು ಇನ್ನೂ ಕೈಮಾಡಿ ತೋರಿಸುತ್ತಿದ್ದರು. ಅದಕ್ಕೆ ಬಂದು ಸೇರುವ ನೀರಿನ ಬಹುಪಾಲು ಮಾಲೇವಾ ನದಿಯದು. ನದಿ ಹುಟ್ಟುವುದು ನ್ಯಾಂಡರುವಾ ಬೆಟ್ಟಗಳಲ್ಲಿ. ಅಲ್ಲಿನ ಸಣ್ಣ ರೈತರು ಕಡಿದಾದ ಇಳಿಜಾರುಗಳಲ್ಲಿ ಆಲೂಗಡ್ಡೆ, ಎಲೆಕೋಸು ಬೆಳೆಯುತ್ತಾರೆ. ಮಳೆ ಬಂದರೆ ಅವರ ಮಣ್ಣು ನಮ್ಮ ಸರೋವರಕ್ಕೆ ಇಳಿಯುತ್ತದೆ.

ಇದನ್ನು ಮೊದಲು ಕಂಡವನು ನಾನಲ್ಲ. ಪ್ರಕೃತಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಮತ್ತು ಬಡತನ ನಿವಾರಣೆಯ ಕೇರ್ ಸಂಸ್ಥೆಗಳು 2010ರ ಹೊತ್ತಿಗೇ ಒಂದು ಏರ್ಪಾಡು ಶುರುಮಾಡಿದ್ದವು. ಮೇಲಿನ ರೈತರು ಇಳಿಜಾರಿಗೆ ಅಡ್ಡಲಾಗಿ ಹುಲ್ಲಿನ ಪಟ್ಟಿ ಬೆಳೆಸಿ, ಮರ ನೆಟ್ಟು ಮಣ್ಣು ಹಿಡಿದಿಡಬೇಕು. ಕೆಳಗೆ ನೀರು ಬಳಸುವವರ ಸಂಘ ಅವರಿಗೆ ಬೀಜ, ಗೊಬ್ಬರ ಕೊಳ್ಳಲು ಚೀಟಿ ಕೊಡಬೇಕು. ನಮ್ಮ ಬಜೆಟ್ಟಿನ ಒಂದು ಭಾಗವನ್ನು ಅತ್ತ ತಿರುಗಿಸೋಣವೆಂದು ಆಡಳಿತವನ್ನು ಒಪ್ಪಿಸಿದೆ. ಬೆಟ್ಟದಲ್ಲಿ ಫಲಕ ನೆಟ್ಟರೆ ನೋಡುವವರಾರು ಎಂದು ಪ್ರಚಾರ ವಿಭಾಗ ಗೊಣಗಿತು.

ಬೆಟ್ಟದ ಮೊದಲ ಬರಾಜಾದಲ್ಲಿ (ಊರ ಸಭೆಗೆ ಅಲ್ಲಿನವರು ಹೇಳುವುದು ಹೀಗೆ) ಹಿರಿಯರೊಬ್ಬರು ನೇರವಾಗಿ ಕೇಳಿದರು: ಹೂವಿನವರು ಇಲ್ಲಿಯವರೆಗೆ ಬಂದಿದ್ದೀರಿ, ನಾಳೆ ನಮ್ಮ ಹೊಲ ಕೇಳುತ್ತೀರಾ? ನ್ಯಾಯವಾದ ಅನುಮಾನ. ಭೂಮಿ ಕಳೆದುಕೊಂಡ ವಸಾಹತು ಕಾಲದ ನೆನಪು ಅಲ್ಲಿ ಪ್ರತಿ ಮನೆಯಲ್ಲೂ ಇದೆ. ಸರೋವರದ ಕಷ್ಟ ಹೇಳಿದ್ದರೆ ಯಾರೂ ಕದಲುತ್ತಿರಲಿಲ್ಲ. ನಾನು ಹಸುವಿನ ವಿಷಯ ಎತ್ತಿದೆ. ಅಡ್ಡಪಟ್ಟಿಗೆ ನೇಪಿಯರ್ ಹುಲ್ಲು ಹಾಕಿದರೆ ಮೇವಾಗುತ್ತದೆ, ಮೇವಿನಿಂದ ಹಾಲು. ಚೀಟಿಯ ಮೊತ್ತ ಅಲ್ಪವೇ. ರೈತರನ್ನು ನಿಲ್ಲಿಸಿಕೊಂಡದ್ದು ಹಾಲಿನ ದುಡ್ಡು.

ತೋಟದೊಳಗೆ ನನ್ನ ಕೈ ಕಟ್ಟಿತ್ತು, ಒಳ್ಳೆಯದೇ ಆಯಿತು. ಫೇರ್‌ಟ್ರೇಡ್ (ನ್ಯಾಯಯುತ ವ್ಯಾಪಾರ) ಮುದ್ರೆಯಡಿ ಮಾರಿದ ಹೂವಿಗೆ ರಫ್ತು ಬೆಲೆಯ ಮೇಲೆ ಶೇ 10 ಹೆಚ್ಚುವರಿ ಬರುತ್ತದೆ. ಅದರ ವಿನಿಯೋಗ ನಿರ್ಧರಿಸುವುದು ಕಾರ್ಮಿಕರೇ ಆರಿಸಿದ ಸಮಿತಿ. ಆಡಳಿತದವರು ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ. ನಾನು ಚಿಕಿತ್ಸಾಲಯದ ಪರ ಮಾತಾಡಿದೆ, ಅವರು ಮಕ್ಕಳ ಪ್ರೌಢಶಾಲೆಯ ಶುಲ್ಕಕ್ಕೆ ಕೊಟ್ಟರು.

ನನಗೆ ಹೆಚ್ಚು ಹೆಮ್ಮೆ ಇರುವುದು ಯಾವ ವರದಿಯಲ್ಲೂ ಫೋಟೊ ಬಾರದ ಕೆಲಸದ ಬಗ್ಗೆ: ಕ್ಯಾಂಟೀನಿನ ತರಕಾರಿ. ಸಾವಿರಾರು ಜನರ ಊಟಕ್ಕೆ ಉಗಾಲಿಯ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಜೊತೆ ಸುಕುಮಾ ವಿಕಿ ಸೊಪ್ಪು, ಬೀನ್ಸ್ ಬೇಕು. ಅದನ್ನು ಪೂರೈಸುತ್ತಿದ್ದವನು ಒಬ್ಬ ನೈರೋಬಿ ದಲ್ಲಾಳಿ, ಸೊಪ್ಪು ಮಾತ್ರ ನಮ್ಮ ಬೇಲಿಯಾಚೆಯ ಶಾಂಬಾಗಳದ್ದೇ, ಅಂದರೆ ಸಣ್ಣ ಹೊಲಗಳದ್ದೇ! ಹತ್ತಿರದ ಮಹಿಳೆಯರ ಚಾಮಾ, ಅಂದರೆ ಉಳಿತಾಯ ಸಂಘವೊಂದರ ಜೊತೆ ಮಾತಾಡಿದೆ. ಬೆಳೆಯುವುದು ಅವರಿಗೆ ಕಷ್ಟವಲ್ಲ, ಕಾಗದವೇ ಕಷ್ಟ. ಸಂಘದ ನೋಂದಣಿ, ತೆರಿಗೆ ಇಲಾಖೆಯ ಪಿನ್ ಸಂಖ್ಯೆ, ಬಿಲ್ಲಿನ ನಮೂನೆ. ಅದಕ್ಕೆ ನಮ್ಮ ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳನ್ನು ವಾರಕ್ಕೊಮ್ಮೆ ಕಳುಹಿಸಿದೆ.

ನಿಜವಾದ ಜಗಳ ಪಾವತಿಯದು. ಎಲ್ಲ ಪೂರೈಕೆದಾರರಿಗೂ ಎರಡು ತಿಂಗಳ ವಾಯಿದೆ ಎಂಬುದು ಹಣಕಾಸು ವಿಭಾಗದ ವೇದವಾಕ್ಯ. ಎರಡು ತಿಂಗಳು ಕಾಯುವ ಶಕ್ತಿಯಿದ್ದುದರಿಂದಲೇ ದಲ್ಲಾಳಿ ದಲ್ಲಾಳಿಯಾಗಿದ್ದ. ಶಾಲೆಗೆ ಬಣ್ಣ ಹಚ್ಚುವ ಖರ್ಚನ್ನು ನಿಲ್ಲಿಸಿ, ಆ ಹಣವನ್ನು ಮುಂಗಡ ನಿಧಿಯಾಗಿ ಇಟ್ಟು, ವಾರದೊಳಗೆ ಎಂ-ಪೆಸಾದಲ್ಲಿ (ಮೊಬೈಲ್ ಮೂಲಕ ಹಣ ಕಳುಹಿಸುವ ಸೇವೆ) ಪಾವತಿಸುವ ವ್ಯವಸ್ಥೆ ಮಾಡಿಕೊಂಡೆವು. ಒಣಗಾಲದಲ್ಲಿ ಸೊಪ್ಪಿನ ದರ ಏರಿದಾಗ ಸಂಘದವರು ಮಾರುಕಟ್ಟೆಗೇ ಒಯ್ದರು. ಖರೀದಿಯವರು ‘ನೋಡಿ, ಇವರನ್ನು ನಂಬಿದ್ದಕ್ಕೆ’ ಎಂದರು. ಮಾರುಕಟ್ಟೆಯ ಜೊತೆ ಏರಿಳಿಯುವ ದರ, ಕೆಳಗೊಂದು ಮಿತಿ, ಮೇಲೊಂದು ಮಿತಿ ಎಂದು ಒಪ್ಪಂದ ತಿದ್ದಿದ ಮೇಲೆ ಗದ್ದಲ ನಿಂತಿತು. ತೂಕದ ಯಂತ್ರವನ್ನು ಗೇಟಿನ ಹೊರಗೆ, ಎಲ್ಲರಿಗೂ ಕಾಣುವಂತೆ ಇಟ್ಟದ್ದೂ ನೆರವಾಯಿತು.

ನಾನು ಊರಿಗೆ ಮರಳುವ ಹೊತ್ತಿಗೆ ಆ ಸಂಘ ಸರೋವರದ ದಂಡೆಯ ಹೋಟೆಲುಗಳಿಗೂ ತರಕಾರಿ ಕೊಡುತ್ತಿತ್ತು. ಬೇರೆ ಗಿರಾಕಿಗಳು ಸಿಕ್ಕ ಧೈರ್ಯದಲ್ಲಿ ನಮ್ಮ ದರದ ಮೇಲಿನ ಮಿತಿಯನ್ನು ಏರಿಸಬೇಕೆಂದು ಪತ್ರ ಬರೆದರು, ಸರಿಯಾದ ನಮೂನೆಯಲ್ಲಿ, ಪಿನ್ ಸಂಖ್ಯೆ ಸಮೇತ. ಖರೀದಿ ವಿಭಾಗ ಸಿಡಿಮಿಡಿಗೊಂಡಿತು. ಚೌಕಾಸಿ ಮಾಡಿ ಸ್ವಲ್ಪ ಇಳಿಸಿಕೊಂಡು ನಾನು ಸಹಿ ಹಾಕಿದೆ.